ಬೆಟ್ಟಕ್ಕೂ ಬಯಲಿಗೂ ಒಂದೇ ಬುಡ

ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಎಂಬ ಮೂರು ಹೆಸರುಗಳನ್ನು ಶಾಲೆಯ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಆ ಪಾಠಕ್ಕೂ ಮನೆಯ ಹೊಲಕ್ಕೂ ಸಂಬಂಧವುಂಟೆಂದು ಅವರಿಗೆ ಹೇಳುವವರು ವಿರಳ. ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಶೇಡಬಾಳದತ್ತ ನೋಡಿದರೆ ಆ ಸಂಬಂಧ ಸ್ಪಷ್ಟವಾಗುತ್ತದೆ. ಕೃಷ್ಣಾ ತೀರದ ಈ ಬಯಲು ಸೀಮೆಯಲ್ಲಿ ಬಾವಿ ತೋಡಿದರೆ ಮೊದಲು ಕಪ್ಪು ಎರೆಮಣ್ಣು, ಅದರಡಿ ಗರಸು, ಅದಕ್ಕೂ ಕೆಳಗೆ ಕರಿಕಲ್ಲು. ಅದೇ ಜಾತಿಯ ಕಲ್ಲು ಪಶ್ಚಿಮದಲ್ಲಿ ಮಹಾಬಳೇಶ್ವರದ ಪರ್ವತವಾಗಿ ನಿಂತಿದೆ. ಬೆಟ್ಟ ಬೇರೆ, ಬಯಲು ಬೇರೆ ಎಂದು ಬಗೆದು ಯೋಜನೆ ಹೂಡುವವರು ಮೊದಲು ಅರಿಯಬೇಕಾದ ಸತ್ಯವಿದು.

ಭೂಮಿಯ ಮೇಲ್ಮೈಯಿಂದ ಕೇಂದ್ರಕ್ಕೆ ಸುಮಾರು 6,370 ಕಿ.ಮೀ. ದೂರ. ಮನುಷ್ಯನು ಕೊರೆದ ಅತ್ಯಂತ ಆಳವಾದ ರಂಧ್ರ, ರಷ್ಯದ ಕೋಲಾದಲ್ಲಿರುವುದು, 12 ಕಿ.ಮೀ.ಗಿಂತ ತುಸು ಹೆಚ್ಚು ಆಳಕ್ಕಷ್ಟೇ ಇಳಿದಿದೆ. ಅದರಾಚೆಯ ವಿವರ ತಿಳಿದುಬಂದಿರುವುದು ಮುಖ್ಯವಾಗಿ ಭೂಕಂಪದ ಅಲೆಗಳು ಒಳಗೆ ಸಾಗುವ ರೀತಿಯಿಂದ. ಭೂಕವಚದ ಕೆಳಗೆ ಸುಮಾರು 2,900 ಕಿ.ಮೀ. ಆಳದವರೆಗೆ ಮ್ಯಾಂಟಲ್ ಇದೆ. ಅದು ಬಹುಪಾಲು ಘನವೇ. ಆದರೂ ಒಳಗಿನ ಕಾವಿನಿಂದ ಲಕ್ಷಾಂತರ ವರ್ಷಗಳಲ್ಲಿ ಬಲು ನಿಧಾನವಾಗಿ ಹರಿಯುತ್ತದೆ. ಹೊರ ಕೇಂದ್ರಗೋಳ ದ್ರವ, ಒಳ ಕೇಂದ್ರಗೋಳ ಘನ. ಭೂಕವಚವೂ ಮ್ಯಾಂಟಲ್‌ನ ಮೇಲಂಚೂ ಸೇರಿದ ಗಟ್ಟಿ ಪದರವು ಅನೇಕ ಫಲಕಗಳಾಗಿ ಒಡೆದಿದ್ದು, ಅವು ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ಗಳಂತೆ ಸರಿಯುತ್ತಿವೆ.

ಭಾರತದ ಫಲಕವು ಗೊಂಡ್ವಾನ ಎಂಬ ಪ್ರಾಚೀನ ಮಹಾಖಂಡದಿಂದ ಬೇರ್ಪಟ್ಟು, ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವನ್ನೂ ತೊರೆದು ಉತ್ತರಕ್ಕೆ ಹೊರಟಿತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಅದು ಮ್ಯಾಂಟಲ್‌ನ ಒಂದು ಬಿಸಿ ತಾಣದ ಮೇಲೆ ಸಾಗುವಾಗ ನೆಲ ಸೀಳಿ ಲಾವಾ ಉಕ್ಕಿತು. ಪದರದ ಮೇಲೆ ಪದರ ಹರಿದು ತಣಿದ ಆ ಲಾವಾವೇ ದಖ್ಖನ್ನಿನ ಕರಿಕಲ್ಲು. ಇಂದಿಗೂ ಸುಮಾರು 5 ಲಕ್ಷ ಚ.ಕಿ.ಮೀ.ಗಳಷ್ಟು ನೆಲವನ್ನು ಅದು ಹೊದೆದಿದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಈಗಲೂ ಉಕ್ಕುವ ಜ್ವಾಲಾಮುಖಿಯು ಅದೇ ತಾಣದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ.

ಫಲಕದ ಪಶ್ಚಿಮದ ಅಂಚು ಸೀಳಿ ಕಡಲು ತೆರೆದಾಗ ಅಲ್ಲಿ ಎತ್ತರದ ಗೋಡೆ ಉಳಿಯಿತು. ನೆಲ ಪೂರ್ವಕ್ಕೆ ಇಳಿಜಾರಾಯಿತು. ಸಹ್ಯಾದ್ರಿಯ ಬುಡ ಅಲ್ಲಿದೆ. ಆದ್ದರಿಂದಲೇ ಅರಬ್ಬೀ ಸಮುದ್ರಕ್ಕೆ ಅಷ್ಟು ಹತ್ತಿರ ಹುಟ್ಟುವ ಕೃಷ್ಣೆ, ಅದಕ್ಕೆ ಬೆನ್ನು ಮಾಡಿ, ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಮುಂಗಾರಿನ ಮೋಡವನ್ನು ತಡೆಯುವುದೂ ಆ ಗೋಡೆಯೇ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಮಿಗಿಲಾಗಿ ಮಳೆ ಸುರಿದರೆ, ಶೇಡಬಾಳ ಮಳೆನೆರಳಿನಲ್ಲಿ ಬೀಳುತ್ತದೆ. ಅಲ್ಲಿನ ಕಬ್ಬು ಕುಡಿಯುವ ನೀರು ಬಹುಪಾಲು ಬೆಟ್ಟದ ನೀರು. ಕೊಯ್ನಾ, ವಾರಣಾ, ಪಂಚಗಂಗೆಗಳು ಕೃಷ್ಣೆಯನ್ನು ಕೂಡಿದ ಮೇಲೆ ಬರುವ ನೀರು.

ಬೆಟ್ಟದಲ್ಲಿ ಮಾಡಿದ್ದನ್ನು ಬಯಲು ಉಣ್ಣುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಗಣಿ, ರಸ್ತೆಗಳಿಗಾಗಿ ಇಳಿಜಾರು ಕಡಿದು, ಕಾಡು ಬೋಳಾದರೆ ಕಲ್ಲಿನ ಮೇಲಿನ ಮಣ್ಣು ಹೊಳೆಗೆ ಇಳಿಯುತ್ತದೆ. ಮಳೆ ಇಂಗದೆ ಒಮ್ಮೆಲೇ ಹರಿಯುತ್ತದೆ. 2005 ಮತ್ತು 2019ರ ಮಹಾಪೂರಗಳಲ್ಲಿ ಘಟ್ಟದ ಮಳೆ ಬಯಲಿನ ಹೊಲಮನೆಗಳಿಗೆ ನುಗ್ಗಿದ್ದನ್ನು ಕೃಷ್ಣಾ ತೀರದವರು ಮರೆತಿಲ್ಲ.

ಭೂಮಿ ಸತ್ತ ಕಲ್ಲಲ್ಲ ಎಂಬುದನ್ನು ಕೊಯ್ನಾ ತೋರಿಸಿದೆ. 1962ರಿಂದ ಅಲ್ಲಿನ ಜಲಾಶಯದಲ್ಲಿ ನೀರು ತುಂಬತೊಡಗಿತು. 1967ರ ಡಿಸೆಂಬರ್ 11ರಂದು 6ಕ್ಕೂ ಮೀರಿದ ಪ್ರಮಾಣದ ಭೂಕಂಪವಾಗಿ ಸುಮಾರು 180 ಜನ ಸತ್ತರು. ಉತ್ತರಕ್ಕೆ ಒತ್ತುವ ಫಲಕದ ಬಿಗಿತ ಹಳೆಯ ಬಿರುಕುಗಳಲ್ಲಿ ಮೊದಲೇ ಇತ್ತು. ನೀರಿನ ಭಾರವೂ ಆಳಕ್ಕೆ ಇಳಿದ ಒತ್ತಡವೂ ಅದನ್ನು ಸಡಿಲಿಸಿದವೆಂಬುದು ವಿಜ್ಞಾನಿಗಳ ವಿವರಣೆ. ಅಣೆಕಟ್ಟೇ ಬೇಡವೆಂಬುದು ಇದರ ಅರ್ಥವಲ್ಲ. ಆದರೆ ನೆಲದಡಿಯ ಸ್ಥಿತಿಯನ್ನು ಅಲ್ಲಿನ ಜನರಿಗೆ ತಿಳಿಸದೆ ಬೆಟ್ಟಕ್ಕೆ ಕೈ ಹಾಕುವ ಹಕ್ಕು ಯಾರಿಗೂ ಇಲ್ಲ.

ಬಯಲಿನವರಿಗೂ ಹೊಣೆಯುಂಟು. ಕರಿಕಲ್ಲು ಸವೆದು ಎರೆಮಣ್ಣಾಗಲು ಸಾವಿರಾರು ವರ್ಷ ಬೇಕು. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಈ ಜೇಡಿಮಣ್ಣಿನಲ್ಲಿ ನೀರು ಬೇಗ ಬಸಿಯದು. ಕಬ್ಬಿಗೆ ಅಳತೆ ಮೀರಿ ನೀರು ಹಾಯಿಸಿದ್ದರಿಂದ ಕೃಷ್ಣಾ ತೀರದ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಕೋಟಿ ವರ್ಷಗಳ ಗಳಿಕೆಯನ್ನು ಒಂದು ತಲೆಮಾರು ಉಪ್ಪಾಗಿಸುವುದು ಯಾವ ನ್ಯಾಯ?

ಆಗಬೇಕಾದದ್ದು ಅಸಾಧ್ಯವೇನಲ್ಲ. ಬೆಟ್ಟದ ಪ್ರತಿಯೊಂದು ಯೋಜನೆಯ ಭೂವೈಜ್ಞಾನಿಕ ವರದಿಯನ್ನು ಜನರ ಭಾಷೆಯಲ್ಲಿ ಗ್ರಾಮಸಭೆಯ ಮುಂದಿಡಬೇಕು. ಕೆಳಗಣ ಊರುಗಳ ಮಾತನ್ನೂ ಕೇಳಬೇಕು. ಬಯಲಿನಲ್ಲಿ ಬಸಿಗಾಲುವೆ, ಹಿತಮಿತ ನೀರಾವರಿ, ಬೆಳೆ ಬದಲಾವಣೆ ರೂಢಿಯಾಗಬೇಕು. ಶಿಕ್ಷಕರು ಮಕ್ಕಳನ್ನು ಊರಬಾವಿಯ ಬಳಿಗೆ ಕರೆದೊಯ್ದು, ಅದರ ಗೋಡೆಯನ್ನೇ ಪಠ್ಯವಾಗಿ ಓದಿಸಬೇಕು. ಶೇಡಬಾಳದ ಮಗು ತನ್ನ ಹೊಲದ ಬುಡ ಸಹ್ಯಾದ್ರಿಯಲ್ಲಿದೆಯೆಂದು ಅರಿತರೆ, ಬೆಟ್ಟ ಉಳಿಸುವ ಹೋರಾಟ ಮಲೆನಾಡಿಗರದಷ್ಟೇ ಆಗಿ ಉಳಿಯದು.