ಕಿವಿಯ ಶಬ್ದಸಂಪತ್ತು

ಹಲವು ವರ್ಷಗಳ ಹಿಂದಿನ ಮಾತು. ನನ್ನ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಸದಾ ಹೆಚ್ಚಿನ ಅಂಕ ಗಳಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿದ್ದಳು. ಒಮ್ಮೆ ಶಾಲೆಗೆ ಬಂದ ಅತಿಥಿಯೊಬ್ಬರು ಇಂಗ್ಲಿಷಿನಲ್ಲಿ ಬರೆದು ತಂದಿದ್ದ ಭಾಷಣವನ್ನು ಓದಿದರು. ಅದರಲ್ಲಿ ಕಾಲುಭಾಗವೂ ಆಕೆಗೆ ತಿಳಿಯಲಿಲ್ಲ. ಅದೇ ಬರಹವನ್ನು ಮರುದಿನ ಅವಳ ಕೈಗಿತ್ತೆ. ಅದರಲ್ಲಿ ಅವಳರಿಯದ ಶಬ್ದ ಒಂದೂ ಇರಲಿಲ್ಲ! “ನಾನು ದಡ್ಡಿ” ಎಂದು ಆಕೆ ಕಣ್ಣೀರಿಟ್ಟಳು.

ಆ ತೀರ್ಮಾನ ಸರಿಯಲ್ಲ. ಕೊರತೆ ಅವಳ ಬುದ್ಧಿಯದಾಗಿರಲಿಲ್ಲ. ಅವಳ ಶಬ್ದಸಂಪತ್ತು ಕಣ್ಣಿನಲ್ಲಿತ್ತು, ಕಿವಿಯಲ್ಲಿರಲಿಲ್ಲ.

ಕನ್ನಡವನ್ನು ನಾವು ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಇಂಗ್ಲಿಷ್ ಹಾಗಲ್ಲ. ಅಲ್ಲಿ ಅಕ್ಷರಗಳು 26. ಧ್ವನಿಗಳಾದರೋ ಸುಮಾರು 44. ಸಾಲವೆಂಬ ಅರ್ಥದ ‘ಡೆಟ್’ ಶಬ್ದದ ಬರಹದಲ್ಲಿ ‘ಬಿ’ ಅಕ್ಷರವುಂಟು, ಉಚ್ಚಾರದಲ್ಲಿಲ್ಲ. ನಾವು ‘ವೆಜಿಟೇಬಲ್’ ಎಂದು ಓದುವ ಶಬ್ದವು ಆಡುವವರ ಬಾಯಲ್ಲಿ ‘ವೆಜ್‌ಟಬಲ್’ ಆಗುತ್ತದೆ. ‘ಪಿಕ್ ಇಟ್ ಅಪ್’ ಎಂಬ ಮೂರು ಶಬ್ದಗಳು ಬೆಸೆದು ‘ಪಿಕಿಟಪ್’ ಎಂದು ಕೇಳಿಸುತ್ತವೆ. ಇದರಲ್ಲಿ ಸೋಜಿಗವೇನೂ ಇಲ್ಲ. ನಾವೂ ‘ಮನೆಯಲ್ಲಿ ಇದ್ದೇನೆ’ ಎಂದು ಬರೆದು ‘ಮನೇಲಿದ್ದೀನಿ’ ಎನ್ನುವುದಿಲ್ಲವೆ? ಪುಸ್ತಕದಿಂದಲೇ ಕನ್ನಡ ಕಲಿತ ಪರದೇಶಿಯೊಬ್ಬನು ನಮ್ಮ ಸಂತೆಯಲ್ಲಿ ನಿಂತರೆ ಅವನೂ ಬೆಪ್ಪಾಗುವನು.

ಓದುವಾಗ ಕಣ್ಣು ಹಿಂದಿರುಗಿ ನೋಡಬಲ್ಲದು. ಆಡಿದ ಮಾತು ಯಾರಿಗಾಗಿಯೂ ಕಾಯದು. ಒಂದು ಶಬ್ದವನ್ನು ಗುರುತಿಸಲು ಮನಸ್ಸು ತಡವರಿಸುವಷ್ಟರಲ್ಲಿ ಮುಂದಿನ ಐದಾರು ಶಬ್ದಗಳು ಕಳೆದುಹೋಗಿರುತ್ತವೆ. ನ್ಯೂಜಿಲೆಂಡಿನ ಭಾಷಾವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ಆಡುವ ಇಂಗ್ಲಿಷಿನಲ್ಲಿ ನೂರಕ್ಕೆ 98 ಶಬ್ದಗಳು ಪರಿಚಿತವಾಗಿರಬೇಕಾದರೆ 6,000ದಿಂದ 7,000 ಶಬ್ದಕುಟುಂಬಗಳು ತಿಳಿದಿರಬೇಕು. ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಶಬ್ದಕುಟುಂಬ. ಆದರೆ ಕಿವಿ ಗುರುತಿಸದ ಶಬ್ದವನ್ನು ಈ ಲೆಕ್ಕಕ್ಕೆ ಸೇರಿಸಿ ಫಲವೇನು?

“ಅರ್ಥ ತಿಳಿದರೆ ಸಾಕು, ಉಳಿದುದು ತಾನಾಗಿ ಬರುತ್ತದೆ” ಎನ್ನುವವರುಂಟು. ನನ್ನ ಅನುಭವ ಅದನ್ನು ಒಪ್ಪುವುದಿಲ್ಲ. ಪರೀಕ್ಷೆ ಲೇಖನಿಯನ್ನು ಮಾತ್ರ ಅಳೆದರೆ ಮಕ್ಕಳು ಕಿವಿಯನ್ನು ಮರೆಯುತ್ತಾರೆ. ಆದುದರಿಂದ ಹೊಸ ಶಬ್ದವನ್ನು ಮೊದಲು ಕೇಳಿರಿ, ಬಾಯಿಬಿಟ್ಟು ಹೇಳಿರಿ, ಅನಂತರ ಬರೆಯಿರಿ. ಧ್ವನಿಮುದ್ರಿತ ಪಾಠವನ್ನು ಎರಡು ಬಾರಿ ಆಲಿಸಿದ ಮೇಲೆಯೇ ಪುಟ ತೆರೆಯಿರಿ. ತೊಟ್ಟಿಲಲ್ಲಿ ತಾಯ್ನುಡಿಯನ್ನು ನಾವೆಲ್ಲರೂ ಕಲಿತದ್ದು ಕಿವಿಯಿಂದಲೇ ಅಲ್ಲವೆ?