ಟಿಪ್ಪರಿನ ಹಿಂದೆ ನಿಲ್ಲುವವನು ಯಾರು?

ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಯಾವ ಅಪಾರ್ಟ್‌ಮೆಂಟಿನ ಗೇಟಿನ ಬಳಿಯಾದರೂ ನಿಂತು ನೋಡಿ. ಎಂ-ಸ್ಯಾಂಡ್ ತುಂಬಿದ ಟಿಪ್ಪರ್ ಬರುತ್ತದೆ. ತಿರುಗಿಸಲು ಜಾಗವಿಲ್ಲ, ರಿವರ್ಸಿನಲ್ಲೇ ಒಳಗೆ ಹೋಗಬೇಕು. ಮೇಸ್ತ್ರಿ ಇಟ್ಟಿಗೆ ಹೊರುತ್ತಿದ್ದ ಹುಡುಗನನ್ನು ಕರೆದು, ‘ಲೇ, ಹಿಂದೆ ನೋಡ್ಕೊಳೋ’ ಎನ್ನುತ್ತಾನೆ. ಹುಡುಗ ಓಡಿಹೋಗಿ ಗಾಡಿಯ ಬೆನ್ನಿಗೇ ನಿಲ್ಲುತ್ತಾನೆ. ಡ್ರೈವರನ ಕನ್ನಡಿಗೆ ಬೀಳದ ಜಾಗ ಅದೇ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ‘ಬರ್ಲಿ, ಬರ್ಲಿ’ ಎಂದು ಕೂಗುತ್ತಾ ಬಾಡಿ ತಟ್ಟುತ್ತಾನೆ. ಕೂಗು ಮಿಕ್ಸರಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಕಾಲ ಕೆಳಗೆ ಸಡಿಲ ಜಲ್ಲಿ. ಎಡವಿದರೆ ಬೀಳುವುದು ಚಕ್ರದಡಿಗೇ.

ಸತ್ತರೆ ‘ಅವನ ಹಣೆಬರಹ’ ಎನ್ನುತ್ತಾರೆ. ಸುಳ್ಳು! ತರಬೇತಿ ಪಡೆದ ಒಬ್ಬ ಆಳಿಗೆ ಕೊಡಬೇಕಾದ ದಿನಗೂಲಿಯನ್ನು ಉಳಿಸಲು ಹೋಗಿ ಕಳೆದ ಜೀವ ಅದು. ಕೋಟಿಗಟ್ಟಲೆ ಬೆಲೆಯ ಮನೆ ಮಾರುವವರಿಗೆ ಆ ಕೂಲಿ ಭಾರವಾಯಿತೇ?

ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಗುಳೆ ಬಂದವರು ಇಲ್ಲಿ ಸಂಸಾರ ಸಮೇತ ದುಡಿಯುತ್ತಾರೆ. ತಗಡಿನ ಶೆಡ್ಡು ಗಾಡಿ ಓಡಾಡುವ ದಾರಿಯ ಪಕ್ಕದಲ್ಲೇ. ಮಗು ಮರಳಿನ ಗುಡ್ಡೆಯ ಮೇಲೆ ಆಡುತ್ತಿರುತ್ತದೆ. ಅದರ ತಲೆ ಟಿಪ್ಪರಿನ ಚಕ್ರದಷ್ಟೂ ಎತ್ತರವಿಲ್ಲ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಅವರ ಮಕ್ಕಳಿಗೆ ಶಿಶುವಿಹಾರದ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಎಷ್ಟು ಕಡೆ ಆ ಕೋಣೆ ಕಂಡಿದ್ದೀರಿ? 2019ರ ಜುಲೈನಿಂದ ತಯಾರಾಗುವ ಪ್ರತಿ ಕಾರಿಗೂ ರಿವರ್ಸ್ ಸೆನ್ಸರ್ ಕಡ್ಡಾಯ. ಕಾರಿನ ಹಿಂದೆ ಏನಿದೆಯೆಂದು ತಿಳಿಯಲು ಯಂತ್ರ ಬಂತು. ಟಿಪ್ಪರಿನ ಹಿಂದೆ ಮಾತ್ರ ಇಂದಿಗೂ ಕೈಗೆ ಸಿಕ್ಕಿದ ಕೂಲಿಯ ಹುಡುಗ!

ಗಾಡಿಗೆ ದಾರಿ ತೋರುವುದು ಕಲಿತು ಮಾಡಬೇಕಾದ ಕೆಲಸ. ಬ್ರಿಟನ್ನಿನಲ್ಲಿ ಅದಕ್ಕಾಗಿಯೇ ತರಬೇತಾದ ವೆಹಿಕಲ್ ಮಾರ್ಷಲ್‌ಗಳಿದ್ದಾರೆ. ಅವರ ಕೈಸನ್ನೆಗಳು 1996ರಿಂದ ಅಲ್ಲಿನ ಕಾನೂನಿನಲ್ಲೇ ಇವೆ: ಬಲಗೈ ಮೇಲೆತ್ತಿ ಅಂಗೈ ಮುಂದೆ ಮಾಡಿದರೆ ನಿಲ್ಲಿಸು, ಎರಡೂ ಕೈ ಎತ್ತಿದರೆ ಅಪಾಯ, ತಕ್ಷಣ ನಿಲ್ಲಿಸು. ಮಾರ್ಷಲ್ ಗಾಡಿಯ ಬೆನ್ನಿಗೆ ನಿಲ್ಲುವುದಿಲ್ಲ. ಕನ್ನಡಿಯಲ್ಲಿ ಕಾಣುವಂತೆ ಪಕ್ಕಕ್ಕೆ, ದೂರ ಬಿಟ್ಟು ನಿಲ್ಲುತ್ತಾನೆ. ಗಾಡಿ ಅಲುಗುವ ಮೊದಲೇ ಇಬ್ಬರೂ ಸನ್ನೆಗಳನ್ನು ಮಾತಾಡಿಕೊಂಡಿರುತ್ತಾರೆ. ಮಾರ್ಷಲ್ ಕಣ್ಣಿಗೆ ಮರೆಯಾದ ಕ್ಷಣವೇ ಡ್ರೈವರ್ ಬ್ರೇಕ್ ಒತ್ತಬೇಕು. ಇನ್ನೂ ಮುಖ್ಯವಾದದ್ದು, ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವಂತೆ ದಾರಿ ಮಾಡಿ, ರಿವರ್ಸನ್ನೇ ಆದಷ್ಟು ತಪ್ಪಿಸಬೇಕು. ಏಕೆಂದರೆ ಮಾರ್ಷಲ್‌ನದೂ ಜೀವವೇ.

ನಮ್ಮಲ್ಲಿ ಇದು ತಿಳಿಯದೆ ಬಿಟ್ಟ ವಿಷಯವಲ್ಲ. ಕ್ರೇನಿಗೆ ಸನ್ನೆ ಮಾಡುವವನಿಗೆ 18 ವರ್ಷ ತುಂಬಿರಬೇಕು, ಕೆಲಸದಲ್ಲಿ ಸಮರ್ಥನಾಗಿರಬೇಕು, ಅಪಾಯದ ಅರಿವಿರಬೇಕು ಎಂದು ಕೇಂದ್ರದ 1998ರ ನಿಯಮಗಳೇ ಬರೆದಿವೆ. ಆದರೆ ಇನ್ಸ್‌ಪೆಕ್ಟರ್ ಬರುವ ದಿನ ಹಳದಿ ಜಾಕೆಟ್ಟುಗಳು ಗೋದಾಮಿನಿಂದ ಹೊರಬರುತ್ತವೆ. ಸಂಜೆಗೆ ಲೆಕ್ಕ ಮಾಡಿ ಒಳಗಿಟ್ಟು ಬೀಗ ಹಾಕುತ್ತಾರೆ. ಜಾಕೆಟ್ಟಿಗಿರುವ ಲೆಕ್ಕ ಅದನ್ನು ತೊಟ್ಟವನಿಗಿಲ್ಲ!

ಜೀವ ಹೋದ ಮೇಲೆ ಕೇಸು ಯಾರ ಮೇಲೆ? ಡ್ರೈವರ್ ಮೇಲೆ. ನಿರ್ಲಕ್ಷ್ಯದಿಂದ ಸಾವು ತಂದವನಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ 5 ವರ್ಷದವರೆಗೆ ಜೈಲು ಎನ್ನುತ್ತದೆ. ಹಿಂದೆ ಕಾಣದ, ಟ್ರಿಪ್ ಲೆಕ್ಕದಲ್ಲಿ ದುಡ್ಡು ಸಿಗುವ, ನಿದ್ದೆಗೆಟ್ಟ ಡ್ರೈವರ್ ಒಬ್ಬನೇ ನಿರ್ಲಕ್ಷ್ಯ ಮಾಡಿದನೇ? ದಾರಿ ಬಿಡದೆ ನಕ್ಷೆ ಬರೆದವನು, ಮಾರ್ಷಲ್ ಇಡದೆ ಕೆಲಸ ನಡೆಸಿದವನು, ನೋಡಿಯೂ ಸಹಿ ಹಾಕಿದವನು ಕಟಕಟೆಗೆ ಏಕೆ ಬರುವುದಿಲ್ಲ? ಬಡವ ಸಾಯುತ್ತಾನೆ, ಇನ್ನೊಬ್ಬ ಬಡವ ಜೈಲಿಗೆ ಹೋಗುತ್ತಾನೆ, ಕಟ್ಟಡ ಮೇಲೇಳುತ್ತದೆ. ಈ ಏರ್ಪಾಡನ್ನು ನಾವು ಒಪ್ಪುವುದಿಲ್ಲ.

ಕಟ್ಟಡ ವೆಚ್ಚದ ಶೇ. 1ರಷ್ಟು ಸೆಸ್ ಕಾರ್ಮಿಕರ ಹೆಸರಿನಲ್ಲೇ ಕಲ್ಯಾಣ ಮಂಡಳಿಗೆ ಸೇರುತ್ತದೆ. ಆ ದುಡ್ಡಿನಲ್ಲಿ ಕೂಲಿಯ ಹೆಣ್ಣುಗಂಡುಗಳಿಗೆ ಅವರವರ ಮಾತಿನಲ್ಲೇ ಮಾರ್ಷಲ್ ತರಬೇತಿ ಕೊಡಿ. ಅದನ್ನು ಹೆಚ್ಚಿನ ಕೂಲಿಯ ಹುದ್ದೆಯಾಗಿ ಮಾಡಿ. ಮಾರ್ಷಲ್ ಕೈ ಎತ್ತಿದರೆ ಡ್ರೈವರ್ ಮಾತ್ರವಲ್ಲ, ಎಂಜಿನಿಯರನ ಅವಸರವೂ ನಿಲ್ಲಬೇಕು. ಕೈ ಎತ್ತಿದ್ದಕ್ಕೆ ಶನಿವಾರದ ಬಟವಾಡೆಯಲ್ಲಿ ಒಂದು ರೂಪಾಯಿಯೂ ಕಡಿತವಾಗಬಾರದು. ಮಾರ್ಷಲ್ ಇಲ್ಲದ ಕಡೆ ಟಿಪ್ಪರಿಗೆ ಗೇಟು ತೆರೆಯಬಾರದು. ತೆರೆಸಿದ ಮಾಲೀಕನ ಹೆಸರು ಎಫ್‌ಐಆರ್‌ನಲ್ಲಿ ಡ್ರೈವರನ ಹೆಸರಿಗಿಂತ ಮೇಲೆ ಇರಬೇಕು.