ಗಡುವು ಮೀರಿದ ಮೇಲೆ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅರ್ಕಾವತಿ ಬಡಾವಣೆಗಾಗಿ 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿದಾಗ ಅದರಲ್ಲಿ ಸೇರಿದ್ದ 16 ಹಳ್ಳಿಗಳಲ್ಲಿ ಜಕ್ಕೂರೂ ಒಂದು. ಹೊಲಗಳು ಸೈಟುಗಳಾಗುವ ಊರುಗಳಲ್ಲಿ ಪರಿಹಾರ, ಪಾಲು, ಕ್ರಯಪತ್ರ ಎಂದು ಕೋರ್ಟಿನ ಓಡಾಟ ತಪ್ಪಿದ್ದಲ್ಲ. ಅಲ್ಲಿ ಸತ್ಯ ಯಾರ ಕಡೆಗಿದೆ ಎಂಬುದರಷ್ಟೇ ಮುಖ್ಯವಾದದ್ದು ದಿನಗಳ ಲೆಕ್ಕ.

ಸಿವಿಲ್ ದಾವೆಯಲ್ಲಿ ಸೋತವರು ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನಗಳಲ್ಲಿ, ಹೈಕೋರ್ಟಿಗಾದರೆ 90 ದಿನಗಳಲ್ಲಿ ಅಪೀಲು ಸಲ್ಲಿಸಬೇಕು. ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿದಂದಿನಿಂದ ಅದು ಸಿದ್ಧವಾಗುವವರೆಗಿನ ದಿನಗಳನ್ನು ಲೆಕ್ಕದಿಂದ ಬಿಡಲಾಗುತ್ತದೆ. ಅರ್ಜಿಯನ್ನೇ ಹಾಕದೆ ಸುಮ್ಮನೆ ಕುಳಿತ ದಿನಗಳನ್ನು ಬಿಡುವುದಿಲ್ಲ.

ಗಡುವು ದಾಟಿತೆಂದರೆ ಎಲ್ಲವೂ ಮುಗಿಯಿತೇ? ಇಲ್ಲ. 1963ರ ಕಾಲಪರಿಮಿತಿ ಕಾಯಿದೆಯ 5ನೇ ಸೆಕ್ಷನ್ ಪ್ರಕಾರ, ತಡವಾದದ್ದಕ್ಕೆ ಸಾಕಷ್ಟು ಕಾರಣವಿತ್ತೆಂದು ಮನವರಿಕೆಯಾದರೆ ನ್ಯಾಯಾಲಯವು ವಿಳಂಬವನ್ನು ಮನ್ನಿಸಿ ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು. ಇದು ಕಕ್ಷಿದಾರನ ಹಕ್ಕಲ್ಲ, ನ್ಯಾಯಾಧೀಶರ ವಿವೇಚನೆ. ಕಾಯಿಲೆಯಿದ್ದರೆ ಆಸ್ಪತ್ರೆಯ ಕಾಗದ, ತೀರ್ಪಿನ ಸುದ್ದಿಯೇ ತಲುಪದಿದ್ದರೆ ಅದರ ವಿವರ, ಹೀಗೆ ತಾರೀಖು ಸಹಿತ ಪ್ರಮಾಣಪತ್ರ ಕೊಡಬೇಕು. "ಮನೆಯ ತೊಂದರೆಯಿಂದ ತಡವಾಯಿತು" ಎಂಬ ಒಂದು ಸಾಲು ಸಾಲದು.

ಎಷ್ಟು ದಿನ ತಡವಾದರೆ ಮಾಫಿ? ಕಾಯಿದೆಯಲ್ಲಿ ಅಂಥ ಲೆಕ್ಕವಿಲ್ಲ. ಕಾಶ್ಮೀರದ ಅನಂತನಾಗ್‌ನ ಭೂಸ್ವಾಧೀನ ಪ್ರಕರಣವೊಂದರಲ್ಲಿ ಸರ್ಕಾರದ ಅಪೀಲು 4 ದಿನ ತಡವಾಗಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮನ್ನಿಸಿ, ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದಿತು. ಮರುವರ್ಷ ಬೆಂಗಳೂರಿನದೇ ಭೂಸ್ವಾಧೀನ ಮೊಕದ್ದಮೆ ಬಂತು. ಗಡುವಿನ ಕಾನೂನು ಸರ್ಕಾರಕ್ಕೂ ಪ್ರಜೆಗೂ ಒಂದೇ ಎಂದ ನ್ಯಾಯಾಲಯ, ಸರ್ಕಾರಿ ಕಡತ ನಿಧಾನಕ್ಕೆ ಸಾಗುತ್ತದೆಂಬುದನ್ನೂ ಗಮನಿಸಿ ವಿಳಂಬದ ಮನ್ನಾವನ್ನು ಎತ್ತಿಹಿಡಿಯಿತು. ಈ ಸಡಿಲಿಕೆಯನ್ನು ಕಚೇರಿಗಳು ಬಹುಕಾಲ ಧಾರಾಳವಾಗಿಯೇ ಬಳಸಿಕೊಂಡವು ಎನ್ನದೆ ವಿಧಿಯಿಲ್ಲ. ಕರ್ನಾಟಕ ಗೃಹ ಮಂಡಳಿಯ ಅಪೀಲೊಂದು ತಡವಾದದ್ದು 3,966 ದಿನ, ಅಂದರೆ ಹೆಚ್ಚುಕಡಿಮೆ 11 ವರ್ಷ! ಹೈಕೋರ್ಟ್ ಅದನ್ನೂ ಮನ್ನಿಸಿತ್ತು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಎದುರಿಗಿದ್ದದ್ದು ತನ್ನ ಜಮೀನಿಗಾಗಿ ದಶಕಗಳ ಕಾಲ ಹೋರಾಡಿದ ಒಂದು ಕುಟುಂಬ. ಗೆದ್ದವರೂ ನೆಮ್ಮದಿಯಿಂದ ಮಲಗಬೇಕಲ್ಲವೆ?

ಇಷ್ಟೆಲ್ಲ ಅಪೀಲು, ಅರ್ಜಿಗಳ ಮಾತಾಯಿತು. ಮೂಲ ದಾವೆಗೆ 5ನೇ ಸೆಕ್ಷನ್ ಅನ್ವಯಿಸುವುದೇ ಇಲ್ಲ. ಅವಧಿ ಮೀರಿದ ದಾವೆಯನ್ನು, ಎದುರು ಪಕ್ಷದವರು ಬಾಯಿ ಬಿಡದಿದ್ದರೂ, ನ್ಯಾಯಾಲಯ ವಜಾ ಮಾಡಲೇಬೇಕು. ಎಷ್ಟೇ ಕರುಣಾಜನಕ ಕಾರಣವಿದ್ದರೂ ಅಲ್ಲಿ ನ್ಯಾಯಾಧೀಶರ ಕೈ ಕಟ್ಟಿರುತ್ತದೆ.

ವಿದ್ಯಾರ್ಥಿಗಳಿಗೆ ಇದು ನೇರವಾಗಿ ತಟ್ಟುವ ಸಂದರ್ಭವೊಂದಿದೆ. ಅಪ್ರಾಪ್ತ ವಯಸ್ಸಿನ ಮಗುವಿನ ಸ್ವಂತ ಹೆಸರಿನಲ್ಲಿರುವ ನಿವೇಶನವನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತಂದೆಯೂ ಮಾರುವಂತಿಲ್ಲ ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆ. ಮಾರಿಬಿಟ್ಟಿದ್ದರೆ, ಆ ಕ್ರಯವನ್ನು ಪ್ರಶ್ನಿಸಲು ಮಗುವಿಗೆ 18 ತುಂಬಿದ ಮೇಲೆ 3 ವರ್ಷ ಕಾಲಾವಕಾಶ. ದಾವಣಗೆರೆಯ ಪ್ರಕರಣವೊಂದರಲ್ಲಿ 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಇದಕ್ಕೆ ದಾವೆಯನ್ನೇ ಹೂಡಬೇಕೆಂದಿಲ್ಲ, ಸ್ಪಷ್ಟವಾದ ನಡವಳಿಕೆಯಿಂದಲೂ ಆ ಕ್ರಯವನ್ನು ನಿರಾಕರಿಸಬಹುದು ಎಂದಿದೆ. ಅದೂ ಗಡುವಿನೊಳಗೇ ಆಗಬೇಕು. ಡಿಗ್ರಿ ಮುಗಿಯಲಿ, ಆಮೇಲೆ ನೋಡೋಣ ಎಂದು ಮನೆಯ ಹಿರಿಯರು ಹೇಳುವ ಹೊತ್ತಿಗೆ ಹುಡುಗನಿಗೆ 21 ದಾಟಿರುತ್ತದೆ. ವಯಸ್ಸಿನ ಪ್ರಶ್ನೆ ಎದ್ದಾಗ ವಕೀಲರು ಸಾಮಾನ್ಯವಾಗಿ ಮೊದಲು ಕೇಳುವುದು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು; ಮೂರು ವರ್ಷಗಳ ಎಣಿಕೆ ಶುರುವಾಗುವುದು ಅದರಲ್ಲಿರುವ ಜನ್ಮದಿನಾಂಕದ ಪ್ರಕಾರ 18 ತುಂಬಿದ ದಿನದಿಂದ.